ಗಾಳಿ ನೋಡಿ ರೈಲು ಹತ್ತಿದೆ: ಫ್ರಾನ್ಸಿನ ಬರ್ಗಂಡಿಯ ಕಾಲುವೆ ಏರಿಯ ಮೇಲೆ ಹತ್ತು ದಿನ

"ಇದು ಟೂರಿಂಗ್ ಅಲ್ಲ ಗುರೂ, ಮೋಸ" ಅಂತ ನಮ್ಮ ಸೈಕಲ್ ಗುಂಪಿನಲ್ಲಿ ಮೂರು ಜನ ಹೇಳಿದ್ದರು. ಒಂದೇ ಊರಲ್ಲಿ ರೂಮು ಮಾಡಿಕೊಂಡು, ಬೆಳಿಗ್ಗೆ ಸೈಕಲ್ಲನ್ನು ರೈಲಿಗೆ ಹಾಕಿ, ಸಾಯಂಕಾಲ ತುಳಿದುಕೊಂಡು ವಾಪಸ್ ಬರೋದು ಎಂಥ ಟೂರು ಅನ್ನೋದು ಅವರ ವಾದ. ನಾಲ್ಕನೆಯವರು, ರೋಡ್ ಬೈಕ್ ಕಾಲುವೆ ಏರಿ ಮೇಲೆ ಎರಡು ದಿನ ಬಾಳಲ್ಲ, ಮಣ್ಣುದಾರಿಗೆ ಅಂತಲೇ ಮಾಡಿದ ದಪ್ಪ ಟೈರಿನ ಗ್ರಾವೆಲ್ ಬೈಕ್ ಇಲ್ಲದೆ ಹೋಗಲೇಬೇಡಿ ಅಂದರು. ಹತ್ತು ದಿನ, ಸುಮಾರು 850 ಕಿ.ಮೀ., ಹತ್ತಿದ್ದು ಎಂಟು ಸಾವಿರ ಮೀಟರ್ ಚಿಲ್ಲರೆ, ಪಂಕ್ಚರ್ ಒಂದೇ ಒಂದು. ಈಗ ಅವರೇ ರೈಲಿನ ಟೈಮ್ ಕೇಳುತ್ತಿದ್ದಾರೆ.

ಮೊದಲು ಸೋತ ಕತೆ. 2019ರಲ್ಲಿ ನಾನೂ ಎಲ್ಲರ ಹಾಗೆ ಫ್ರಾನ್ಸಿನ ದಕ್ಷಿಣದ ಕನಾಲ್ ದ್ಯು ಮಿದಿ ಹಿಡಿದೆ. ತುಲೂಸ್‌ನಿಂದ ಸಮುದ್ರದ ಪಕ್ಕದ ತೋ ಲಗೂನ್‌ವರೆಗೆ 240 ಕಿ.ಮೀ., 1681ರಲ್ಲಿ ಮುಗಿದ ಕಾಲುವೆ, ಎರಡೂ ದಡದಲ್ಲಿ ಪ್ಲೇನ್ ಮರದ ಸಾಲು. 25 ಎಂ.ಎಂ. ಟೈರ್, ಹಿಂದಿನ ಚಕ್ರದ ಅಕ್ಕಪಕ್ಕ ನೇತುಹಾಕುವ ಚೀಲ, ಅಂದರೆ ಪ್ಯಾನಿಯರ್, ಎರಡು, ಲಗೇಜು 14 ಕೆ.ಜಿ. ಇರಬೇಕು. ಮೊದಲ ಐವತ್ತು ಕಿ.ಮೀ. ಟಾರು, ಬೆಣ್ಣೆ ಹಾಗಿತ್ತು. ಆಮೇಲೆ ಮಣ್ಣು. ಮಣ್ಣಾದರೂ ಪರವಾಗಿಲ್ಲ, ಬೇರುಗಳು! ದಾರಿಗೆ ಅಡ್ಡ ಮಲಗಿರುತ್ತವೆ, ಮೇಲೆ ಎಲೆ ಮುಚ್ಚಿರುತ್ತದೆ, ಚಕ್ರ ಏರಿದ ಮೇಲೇ ಗೊತ್ತಾಗೋದು. ಕಾಸ್ಟೆಲ್‌ನೋದರಿ ದಾಟುವಷ್ಟರಲ್ಲಿ ಹಿಂದಿನ ಚಕ್ರದ ಎರಡು ಸ್ಪೋಕ್ ಹೋದವು, ಅದೂ ಗೇರಿನ ಹಲ್ಲುಚಕ್ರಗಳಿರುವ ಕಡೆಯವು. ಅವತ್ತು ಸೋಮವಾರ, ಸೈಕಲ್ ಅಂಗಡಿ ಬಂದ್.

ಸಾಲದ್ದಕ್ಕೆ ಓತಾಂ ಗಾಳಿ. ಆಗ್ನೇಯದಿಂದ ಬೀಸುತ್ತದೆ, ನಾನು ಹೊರಟಿದ್ದೂ ಆ ಕಡೆಗೇ. ಮೂರು ದಿನ ಮುಖಕ್ಕೇ ಹೊಡೆಯಿತು. ಮರಗಳಾದರೂ ತಡೆಯುತ್ತವೆ ಅಂದುಕೊಂಡರೆ, 2006ರಲ್ಲಿ ಶಿಲೀಂಧ್ರ ರೋಗ ಕಾಣಿಸಿಕೊಂಡಾಗಿನಿಂದ ಸಾವಿರಾರು ಮರ ಕಡಿದಿದ್ದಾರೆ. ಎಷ್ಟೋ ಕಡೆ ಬಟ್ಟಬಯಲು. ಕಾರ್ಕಸೋನ್‌ನಲ್ಲಿ ಕೈಚೆಲ್ಲಿದೆ. ಮುಂದಿನ ಊರುಗಳ ರೂಮಿಗೆ ಕಟ್ಟಿದ್ದ 180 ಯೂರೋ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು.

ವಾಪಸ್ ತುಲೂಸ್‌ಗೆ ಬರುವ ರೈಲಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ. ಹೊಲದ ಗೋಧಿಯೆಲ್ಲ ರೈಲು ಹೋಗುವ ದಿಕ್ಕಿಗೇ ಬಾಗಿತ್ತು. ಆ ಕಡೆಯಿಂದ ಹೊರಟಿದ್ದರೆ ಈ ಗಾಳಿ ನನ್ನ ಬೆನ್ನಿಗಿರುತ್ತಿತ್ತಲ್ವಾ ಅನ್ನಿಸಿತು. ಗಾಳಿ ಬರುವ ಕಡೆಗೆ ರೈಲಿನಲ್ಲಿ ಹೋಗು, ಅದನ್ನು ಬೆನ್ನಿಗಿಟ್ಟುಕೊಂಡು ತುಳಿದು ವಾಪಸ್ ಬಾ. ಅಷ್ಟೇ, ನನ್ನ ವಿಧಾನದ ಮುಕ್ಕಾಲು ಪಾಲು ಅದೇ.

ಹಾಗಾಗಿ ಬೇಕಿದ್ದದ್ದು ಸುಂದರವಾದ ಕಾಲುವೆ ಅಲ್ಲ, ಪಕ್ಕದಲ್ಲೇ ರೈಲು ಇರುವ ಕಾಲುವೆ. ಬರ್ಗಂಡಿ ಕಾಲುವೆ ಸಿಕ್ಕಿತು. ಮಿಜೆನ್‌ನಿಂದ ಸೋನ್ ನದಿಯವರೆಗೆ 242 ಕಿ.ಮೀ., ಗೇಟು ಹಾಕಿ ನೀರು ತುಂಬಿಸಿ ದೋಣಿಯನ್ನು ಏರಿಸಿ ಇಳಿಸುವ 189 ಲಾಕ್‌ಗಳು. ಪ್ಯಾರಿಸ್‌–ದಿಜೋಂ ಲೈನು ಮಿಜೆನ್‌ನಿಂದ ಲೇ ಲೋಮ್‌ವರೆಗೆ ಕಾಲುವೆ ಜೊತೆಗೇ ಬರುತ್ತದೆ. ಆ ಲೈನಿನ ಮೇಲೇ ಮೋಂಬಾರ್ ಅನ್ನೋ ಸಣ್ಣ ಊರು. ಅಲ್ಲಿ ಸ್ಟೇಷನ್‌ಗೆ ಐದು ನಿಮಿಷದ ದೂರದಲ್ಲಿ ರೂಮು ಹಿಡಿದೆ, ರಾತ್ರಿಗೆ 45 ಯೂರೋ, ಸೈಕಲ್ ಇಡಲು ಕೆಳಗೊಂದು ಶೆಡ್ಡು.

ರಾತ್ರಿ ಮಲಗುವ ಮುಂಚೆ ಗಾಳಿ ನೋಡೋದು. ಪಶ್ಚಿಮದ ಗಾಳಿ ಇದ್ದರೆ ಬೆಳಿಗ್ಗೆ ತೊನೇರ್‌ಗೆ ರೈಲು, ಅಲ್ಲಿಂದ ತುಳಿದುಕೊಂಡು ಮನೆಗೆ. ದಕ್ಷಿಣದಿಂದ ಬೀಸಿದರೆ ದಿಜೋಂಗೆ. ಗಾಳಿ ಇಲ್ಲದಿದ್ದರೆ ರೈಲೇ ಬೇಡ, ಸುತ್ತಲಿನ ಗುಡ್ಡ. ಬೆನ್ನ ಮೇಲೆ ಏನೂ ಇಲ್ಲ, ಸೀಟಿನ ಕೆಳಗೊಂದು ಚೀಲ, ಅಷ್ಟೇ. ಆ ಲೋಕಲ್ ರೈಲುಗಳಲ್ಲಿ ಮುಂದಿನ ಚಕ್ರವನ್ನು ಕೊಕ್ಕೆಗೆ ನೇತುಹಾಕಬೇಕು. ನಾನು ಹೋದಾಗ ಸೈಕಲ್‌ಗೆ ಯಾರೂ ದುಡ್ಡು ಕೇಳಲಿಲ್ಲ.

ಟೈರ್ ವಿಷಯ. 30 ಎಂ.ಎಂ. ಟ್ಯೂಬ್‌ಲೆಸ್, ಗಾಳಿಯ ಒತ್ತಡ ಹಿಂದೆ 58, ಮುಂದೆ 54 ಪಿ.ಎಸ್.ಐ. ನನ್ನ ತೂಕ 72 ಕೆ.ಜಿ. ಮೊದಲ ದಿನ 75 ಹಾಕಿ ಕೈ ಜುಮ್ ಅನ್ನಿಸಿಕೊಂಡ ಮೇಲೆ ಇಳಿಸಿದ್ದು. ಏರಿ ದಾರಿ ಒಂದೇ ಥರ ಇರಲ್ಲ. ಒಂದಿಷ್ಟು ಟಾರು, ಒಂದಿಷ್ಟು ಬಿಳಿ ಸುಣ್ಣಕಲ್ಲಿನ ಪುಡಿ, ಕೆಲವು ಕಡೆ ಎರಡು ಗಾಲಿಜಾಡಿನ ನಡುವೆ ಹುಲ್ಲು. ಒಣಗಿದ್ದರೆ ಸೊಗಸು. ಮಳೆ ಬಂದರೆ ಆ ಪುಡಿ ದೋಸೆ ಹಿಟ್ಟಿನ ಹಾಗಾಗಿ ಬ್ರೇಕಿಗೆ, ಚೈನಿಗೆ ಮೆತ್ತಿಕೊಳ್ಳುತ್ತದೆ. ಮಳೆ ಬಂದ ಎರಡು ದಿನ ಏರಿ ಬಿಟ್ಟು ಪಕ್ಕದ ಹಳ್ಳಿ ರಸ್ತೆ ಹಿಡಿದೆ.

ಆ ಹಳ್ಳಿ ರಸ್ತೆಗಳೇ ನಿಜವಾದ ಮಜಾ. ಅಪ್ಪಟ ಏರಿಳಿತ. ನಂದಿ ಬೆಟ್ಟ ಹತ್ತಿ ಹತ್ತಿ ತಯಾರಾಗಿದ್ದೆ. ಅದು ತಪ್ಪು ತಯಾರಿ. ಇಲ್ಲಿ ದೊಡ್ಡ ಬೆಟ್ಟ ಅಂತ ಒಂದೂ ಇಲ್ಲ. ನೂರು ನೂರೈವತ್ತು ಮೀಟರ್ ಹತ್ತು, ಇಳಿ, ಮತ್ತೆ ಹತ್ತು, ದಿನಕ್ಕೆ ಎಂಟು ಹತ್ತು ಸಲ. ಅದಕ್ಕೆ ಕನಕಪುರದ ಆಚೆಯ ರಸ್ತೆಗಳೇ ವಾಸಿ. ಫ್ಲವಿನ್ಯಿ ಅನ್ನೋ ಊರು ಗುಡ್ಡದ ತಲೆ ಮೇಲಿದೆ. ಎಲ್ಲರೂ ಹತ್ತುವ ರಸ್ತೆಯಲ್ಲಿ ಹಿಂದಿನ ಗೇರಿನ 34 ಹಲ್ಲಿನ ದೊಡ್ಡ ಚಕ್ರವೇ ಬೇಕಾಯಿತು. ಹಿಂಬದಿಯಿಂದ ಇನ್ನೊಂದು ದಾರಿ ಇದೆ, ನೆರಳು, ಕಾರೇ ಬರಲ್ಲ. ಅದನ್ನು ನಾನೇ ಹುಡುಕಿದ್ದು, ನೀವೂ ಹುಡುಕಿಕೊಳ್ಳಿ! ಮೇಲೆ ಹೋದರೆ ಹಳೇ ಮಠದಲ್ಲಿ ಸೋಂಪಿನಂಥ ಕಾಳಿಗೆ ಸಕ್ಕರೆ ಮೆತ್ತಿ ಉರುಟು ಮಿಠಾಯಿ ಮಾಡುತ್ತಾರೆ. ನಮ್ಮ ಹೋಟೆಲಿನಲ್ಲಿ ಬಿಲ್ ಜೊತೆ ಕೊಡುವ ಸಕ್ಕರೆ ಸೋಂಪಿನ ಸಾಹುಕಾರ ಅಣ್ಣ. ಒಂದು ಡಬ್ಬಿ ಜೇಬಿಗೆ ಹಾಕಿಕೊಂಡರೆ ನಾಲ್ಕು ದಿನ.

ಜೇಬು ಅಂದರೆ ನೆನಪಾಯಿತು. ಹತ್ತಿರದಲ್ಲೇ ಎಪ್ವಾಸ್ ಅನ್ನೋ ಊರಿದೆ, ಅದೇ ಹೆಸರಿನ ಚೀಸ್ ಅಲ್ಲಿಯದು. ಪ್ರೋಟೀನ್ ಆಗುತ್ತದೆ ಅಂತ ಒಂದು ಡಬ್ಬಿ ತಗೊಂಡು ಜರ್ಸಿ ಹಿಂದೆ ಹಾಕಿದೆ. ಜುಲೈ ಬಿಸಿಲು. ಅರ್ಧ ಗಂಟೆಯಲ್ಲಿ ಕರಗಿ ಬೆನ್ನು, ಸೀಟು ಎಲ್ಲ ಹರಿಯಿತು. ವಾಸನೆ ಬೇರೆ. ಜರ್ಸಿಯನ್ನು ಮೂರು ಸಲ ಒಗೆದೆ. ಗೆದ್ದ ಪ್ರಯೋಗ ಅಂದರೆ ಗೊಜ್ಜವಲಕ್ಕಿ ಪುಡಿ. ಮನೆಯಿಂದ ಒಂದೂವರೆ ಕೆ.ಜಿ. ಒಯ್ದಿದ್ದೆ. ರಾತ್ರಿ ರೂಮಿಗೆ ಬಂದು ಬಿಸಿನೀರು ಹಾಕಿ ಮುಚ್ಚಿಟ್ಟರೆ, ಸ್ನಾನ ಮುಗಿಯುವಷ್ಟರಲ್ಲಿ ಊಟ ರೆಡಿ. ಸಸ್ಯಾಹಾರಿಗಳಿಗೆ ಹಳ್ಳಿ ಹೋಟೆಲಲ್ಲಿ ಕಷ್ಟವೇ, ಸಲಾಡ್ ಮೇಲೂ ಹಂದಿ ಮಾಂಸದ ಚೂರು ಉದುರಿಸಿ ಕೊಡುತ್ತಾರೆ. ಮಧ್ಯಾಹ್ನ ಹನ್ನೆರಡೂವರೆಗೆ ಅಂಗಡಿ ಮುಚ್ಚಿಬಿಡುತ್ತಾರೆ, ಬ್ರೆಡ್ಡು ಅದಕ್ಕೆ ಮುಂಚೆಯೇ ಕೊಂಡಿರಬೇಕು. ನೀರಿಗೆ ಹಳ್ಳಿ ಸ್ಮಶಾನ ನೋಡಿ. ಗಿಡಕ್ಕೆ ಹಾಕಲು ನಲ್ಲಿ ಇಟ್ಟಿರುತ್ತಾರೆ. ಕುಡಿಯುವುದಕ್ಕಲ್ಲ ಅಂತ ಬೋರ್ಡ್ ಇದ್ದರೆ ಮಾತ್ರ ಮುಟ್ಟಬೇಡಿ. ಮೊದಲ ಸಲ ಸಮಾಧಿ ನಡುವೆ ಬಾಟಲಿ ತುಂಬಿಸುವಾಗ ಅಮ್ಮನ ನೆನಪಾಯಿತು, ಅವಳು ನೋಡಿದ್ದರೆ ಮತ್ತೆ ಸ್ನಾನ ಮಾಡಿಸುತ್ತಿದ್ದಳು.

ಏಟು ತಿಂದದ್ದು ಒಂದು ಸಲ. ಬೇಸಿಗೆಯಲ್ಲಿ ಅಲ್ಲಿ ರಸ್ತೆಗೆ ಡಾಂಬರು ಸುರಿದು ಸಣ್ಣ ಜಲ್ಲಿ ಹರಡಿ ಬಿಟ್ಟುಬಿಡುತ್ತಾರೆ, ಕಾರು ಓಡಾಡಿ ಅದು ಕೂರಬೇಕು. 'ಗ್ರಾವಿಯೋಂ' ಅಂತ ಬೋರ್ಡ್ ಇತ್ತು. ಇಳಿಜಾರಿನ ಖುಷಿಯಲ್ಲಿ ಓದಲಿಲ್ಲ. ಮೊಣಕೈ ಚರ್ಮ ಅಲ್ಲೇ ಬಿಟ್ಟು ಬಂದೆ.

ಎಲ್ಲಕ್ಕಿಂತ ಒಳ್ಳೆಯ ದಿನ ದಿಜೋಂನಿಂದ ಬಂದದ್ದು. 120 ಕಿ.ಮೀ. ಆಸುಪಾಸು. ಊಶ್ ಕಣಿವೆಯಲ್ಲಿ ಗಾಳಿ ಅಡ್ಡ ಹೊಡೆಯಿತು, ಆಮೇಲೆ ಬೆನ್ನಿಗೆ ಬಂತು. ಪೂಯಿ ಅನ್ನೋ ಊರಿನ ಹತ್ತಿರ ಕಾಲುವೆ 3.3 ಕಿ.ಮೀ. ಸುರಂಗದೊಳಗೆ ಹೋಗುತ್ತದೆ, ಸೈಕಲ್ಲಿನವರು ಸುರಂಗದ ಮೇಲಿನ ನೆಲದ ಮೇಲೆ ಹೋಗಬೇಕು. ದಾರಿಯುದ್ದಕ್ಕೂ ಸುರಂಗದ ಗಾಳಿಬಾವಿಗಳು ಕಾಣುತ್ತವೆ, ನೀರು ನಮ್ಮ ಕಾಲ ಕೆಳಗೆ ಎಲ್ಲೋ ಇದೆ. ಅಲ್ಲಿಂದ ಲೇ ಲೋಮ್ ಪಕ್ಕದ ವೆನರೆವರೆಗೆ ಐವತ್ತಕ್ಕೂ ಜಾಸ್ತಿ ಲಾಕ್. ಪ್ರತಿ ಲಾಕ್ ಹತ್ತಿರ ಎರಡು ಮೂರು ಮೀಟರ್ ಸರ್ರನೆ ಇಳಿಜಾರು, ಆಮೇಲೆ ಚಪ್ಪಟೆ, ಮತ್ತೆ ಇಳಿಜಾರು. ಎದುರಿನಿಂದ ಪ್ಯಾನಿಯರ್ ಹೊತ್ತು ಬರುತ್ತಿದ್ದವರ ಮುಖ ನೋಡಿ 2019ರ ನಾನೇ ಬರುತ್ತಿದ್ದೇನೆ ಅನ್ನಿಸಿತು. ಮೀನು ಹಿಡಿಯುವವರ ಉದ್ದನೆ ಕೋಲು ದಾರಿಗೆ ಅಡ್ಡ ಇರುತ್ತದೆ, ಗಂಟೆ ಹೊಡೆದು ನಿಧಾನ ಮಾಡಿ.

ಖರ್ಚು, ನೆನಪಿದ್ದಷ್ಟು: ವಿಮಾನ 58 ಸಾವಿರ, ಸೈಕಲ್ ಪೆಟ್ಟಿಗೆಗೆ ಹೋಗಿ ಬರಲು 14, ವೀಸಾ ವಿಮೆ ಎಲ್ಲ ಸೇರಿ ಹತ್ತು, ರೂಮು 40, ರೈಲು ಹನ್ನೆರಡು, ಊಟ ಹದಿನೆಂಟು. ಒಂದೂವರೆ ಲಕ್ಷದ ಮೇಲೆ ಚೂರು. ಗೈಡ್ ಜೊತೆ ಹೋಗುವ ಟೂರಿಗೆ ನನಗೆ ಮೂರೂವರೆ ಹೇಳಿದ್ದರು. ಪೆಟ್ಟಿಗೆಯನ್ನು 23 ಕೆ.ಜಿ. ಒಳಗೆ ಹೇಗೆ ತಂದೆ ಅನ್ನೋದು ಇಲ್ಲಿ ಬರೆಯಲ್ಲ.

ಬರೋ ವರ್ಷ ನಿವೆರ್ನೆ ಕಾಲುವೆ, ಕ್ಲಾಮ್ಸಿಯಲ್ಲಿ ರೂಮು. ಅಲ್ಲಿಗೂ ಲೋಕಲ್ ರೈಲಿದೆ, ಆದರೆ ಕಡಿಮೆ. ಮೋಸ ಅಂದ ಮೂವರಲ್ಲಿ ಇಬ್ಬರು ಜೊತೆಗೆ ಬರುತ್ತಾರಂತೆ. ಪ್ಯಾನಿಯರ್ ತರಬೇಡಿ ಅಂತ ಈಗಲೇ ಹೇಳಿದ್ದೇನೆ.