ದಿನಕ್ಕೆ ನಾಲ್ಕು ಜಿಬಿ ಬೇಕಾದವನ ಪ್ಲಾನ್ ಲೆಕ್ಕ

ಶಿರಸಿ ಪೇಟೆಯಿಂದ ಸ್ವಲ್ಪ ದೂರದ ಹಳ್ಳಿಯೊಂದರಲ್ಲಿ, ಅಡಿಕೆ ತೋಟದ ಅಂಚಿನ ಮನೆಯಲ್ಲಿ ಕುಳಿತು ಪಿಯುಸಿ ವಿದ್ಯಾರ್ಥಿಗಳಿಗೆ ಭೌತಶಾಸ್ತ್ರದ ಆನ್‌ಲೈನ್ ಪಾಠ ಹೇಳುವುದು ನನ್ನ ಕೆಲಸ. ಫೈಬರ್ ಕೇಬಲ್ ನಮ್ಮ ಕೇರಿಯವರೆಗೆ ಬಂದಿಲ್ಲವಾದ್ದರಿಂದ ಪಾಠ, ಅದರ ರೆಕಾರ್ಡಿಂಗ್‌ನ ಅಪ್‌ಲೋಡ್, ಮನೆಯವರ ಯೂಟ್ಯೂಬ್ ಎಲ್ಲವೂ ಮೊಬೈಲ್ ಡೇಟಾದ ಮೇಲೆಯೇ ನಡೆಯಬೇಕು. 2024ರ ಜುಲೈನಲ್ಲಿ ಜಿಯೋ, ಏರ್‌ಟೆಲ್, ವಿ ಮೂರೂ ಕಂಪನಿಗಳು ಒಟ್ಟಿಗೆ ದರ ಏರಿಸಿದ ಮೇಲೆ, ತಿಂಗಳ ರೀಚಾರ್ಜ್ ಎಂಬ ಸಣ್ಣ ಖರ್ಚು ಲೆಕ್ಕದ ಪುಸ್ತಕದಲ್ಲಿ ಬರೆದಿಡಬೇಕಾದಷ್ಟು ದೊಡ್ಡದಾಯಿತು. ಆಗ ನಾನು ಯಾವ ಕ್ರಮದಲ್ಲಿ ಯೋಚಿಸಿ ಪ್ಲಾನ್ ಆರಿಸಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅಂಗಡಿಗೆ ಹೋದರೆ ಸಿಗುವ ಸಲಹೆ ಒಂದೇ: "ಮಾಸ್ತರ್ರೇ, ಇದ್ರಲ್ಲಿ ಎಲ್ಲಾ ಅನ್‌ಲಿಮಿಟೆಡ್ಡು, ಹಾಕಿಸ್ಕೊಂಬಿಡಿ." ಅನ್‌ಲಿಮಿಟೆಡ್ ಎಂಬುದು ಕರೆಗಳ ಮಟ್ಟಿಗೆ ನಿಜ. ಡೇಟಾದ ಮಟ್ಟಿಗೆ ಹೇಳುವುದಾದರೆ, ದಿನದ ಕೋಟಾ ಮುಗಿದ ನಂತರವೂ ಸಂಪರ್ಕ ಕಡಿಯುವುದಿಲ್ಲ, ಆದರೆ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಆ ವೇಗದಲ್ಲಿ ವಾಟ್ಸ್‌ಆ್ಯಪ್‌ನ ಅಕ್ಷರ ಸಂದೇಶ ಹೋಗಬಹುದೇ ಹೊರತು ವಿಡಿಯೋ ಪಾಠ ನಡೆಯುವುದಿಲ್ಲ. ಹಾಗಾಗಿ ದರಪಟ್ಟಿ ನೋಡುವ ಮೊದಲು ನನ್ನ ಬಳಕೆ ಎಷ್ಟು, ಮುಖ್ಯವಾಗಿ ಅದು ದಿನದಿಂದ ದಿನಕ್ಕೆ ಹೇಗೆ ಏರಿಳಿಯುತ್ತದೆ ಎಂಬುದನ್ನು ತಿಳಿಯಲು ಹೊರಟೆ.

ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡೇಟಾ ಬಳಕೆಯ ಪುಟವೊಂದಿದೆ. ಅದರಲ್ಲಿ ಬಿಲ್ಲಿಂಗ್ ಅವಧಿಯ ಆರಂಭದ ದಿನಾಂಕವನ್ನು ನಾವೇ ಇಡಬಹುದು, ಯಾವ ಆ್ಯಪ್ ಎಷ್ಟು ತಿಂದಿದೆ ಎಂಬುದೂ ಅಲ್ಲಿಯೇ ಕಾಣುತ್ತದೆ. ಗುಂಪಿನ ವಿಡಿಯೋ ಪಾಠಕ್ಕೆ ಗಂಟೆಗೆ ಸುಮಾರು ಒಂದು ಜಿಬಿ ಹಿಡಿದರೆ ಸಂಜೆಯ ಎರಡೂವರೆ ಗಂಟೆಗೆ ಎರಡೂವರೆ ಜಿಬಿ, ಉಳಿದ ಮನೆಬಳಕೆ ಸೇರಿ ನಾಲ್ಕು ಜಿಬಿ. ವಾರದ ರೆಕಾರ್ಡಿಂಗ್‌ಗಳನ್ನು ಅಪ್‌ಲೋಡ್ ಮಾಡುವ ಭಾನುವಾರ ಅದು ಎರಡು ಪಟ್ಟು ದಾಟುತ್ತದೆ. ತಿಂಗಳ ಸರಾಸರಿಯನ್ನಷ್ಟೇ ನೋಡಿ ಪ್ಲಾನ್ ಆರಿಸುವವರು ಎಡವುವುದು ಇಲ್ಲಿ. ದಿನದ ಕೋಟಾದ ಪ್ಲಾನಿನಲ್ಲಿ ಸೋಮವಾರ ಉಳಿದದ್ದು ಭಾನುವಾರಕ್ಕೆ ಸಿಗುವುದಿಲ್ಲ, ಮಧ್ಯರಾತ್ರಿ ಹನ್ನೆರಡಕ್ಕೆ ಅದು ಹೋದಂತೆಯೇ. ವಿ ಕಂಪನಿಯ ಕೆಲವು ಪ್ಲಾನ್‌ಗಳಲ್ಲಿ ವಾರದ ಉಳಿಕೆಯನ್ನು ಶನಿವಾರ, ಭಾನುವಾರಗಳಿಗೆ ಒಯ್ಯುವ ಸೌಲಭ್ಯವೂ ರಾತ್ರಿಯ ಉಚಿತ ಡೇಟಾವೂ ಇವೆ. ನನ್ನಂಥ ಬಳಕೆಗೆ ಕಾಗದದ ಮೇಲೆ ಅದೇ ಹೇಳಿ ಮಾಡಿಸಿದಂತಿತ್ತು. ಆದರೆ ಪ್ಲಾನ್ ಎಷ್ಟೇ ಚೆಂದವಿದ್ದರೂ ಮನೆಯೊಳಗೆ ಸಿಗ್ನಲ್ ಬೇಕಲ್ಲ.

ಬಳಕೆ ತಿಳಿದ ಮೇಲೆ, ಹೆಚ್ಚು ಡೇಟಾ ಕೊಳ್ಳುವ ಮೊದಲು ಪೋಲಾಗುವುದನ್ನು ನಿಲ್ಲಿಸಿದೆ. ಲ್ಯಾಪ್‌ಟಾಪಿಗೆ ಫೋನಿನ ಹಾಟ್‌ಸ್ಪಾಟ್ ಕೂಡ ವೈಫೈಯಂತೆಯೇ ಕಾಣುವುದರಿಂದ ವಿಂಡೋಸ್ ತನ್ನ ಅಪ್‌ಡೇಟ್‌ಗಳನ್ನು ನಿಶ್ಚಿಂತೆಯಿಂದ ಇಳಿಸಿಕೊಳ್ಳುತ್ತಿರುತ್ತದೆ. ಆ ಸಂಪರ್ಕದ ಪ್ರಾಪರ್ಟೀಸ್‌ಗೆ ಹೋಗಿ 'ಮೀಟರ್ಡ್ ಕನೆಕ್ಷನ್' ಎಂಬುದನ್ನು ಆನ್ ಮಾಡಿದರೆ ಹೆಚ್ಚಿನ ಅಪ್‌ಡೇಟ್‌ಗಳು ಕಾಯುತ್ತವೆ. ರೆಕಾರ್ಡಿಂಗ್ ವಿಷಯದಲ್ಲಿ ಸ್ವಲ್ಪ ಲೆಕ್ಕ ಹಾಕಿದೆ: ಕರಿಹಲಗೆ ಮತ್ತು ಧ್ವನಿಯಷ್ಟೇ ಇರುವ ಪಾಠಕ್ಕೆ 720ಪಿ ಧಾರಾಳ ಸಾಕು, ಸೆಕೆಂಡಿಗೆ 1.5 ಮೆಗಾಬಿಟ್‌ನಂತೆ ಉಳಿಸಿದರೆ ಒಂದು ಗಂಟೆಯ ಪಾಠ 675 ಎಂಬಿಗೆ ಬರುತ್ತದೆ, ಅದನ್ನೇ 1080ಪಿಯಲ್ಲಿ ಇಟ್ಟರೆ ಎರಡು ಮೂರು ಪಟ್ಟು. ಸೂತ್ರ ಓದಲು ಬಂದರೆ ಆಯಿತು, ನನ್ನ ಮುಖದ ಸ್ಪಷ್ಟತೆಗಾಗಿ ಯಾವ ವಿದ್ಯಾರ್ಥಿಯೂ ಕಾಯುತ್ತಿಲ್ಲ. ಅಪ್‌ಲೋಡನ್ನು ರಾತ್ರಿ ಹನ್ನೊಂದೂವರೆಗೆ ಆರಂಭಿಸುವುದನ್ನೂ ರೂಢಿ ಮಾಡಿಕೊಂಡೆ. ಅರ್ಧ ಗಂಟೆ ಇಂದಿನ ಕೋಟಾದ ಉಳಿಕೆಯಲ್ಲಿ ಹೋಗುತ್ತದೆ, ಮುಂದಿನದು ಹನ್ನೆರಡರ ನಂತರದ ಹೊಸ ಕೋಟಾದಲ್ಲಿ. ಆ ಹೊತ್ತಿಗೆ ಟವರ್ ಮೇಲಿನ ಒತ್ತಡ ಇಳಿದಿರುವುದರಿಂದ ಅಪ್‌ಲೋಡ್ ವೇಗವೂ ಹೆಚ್ಚು.

ಇಷ್ಟಾದ ಮೇಲೂ ದಿನಕ್ಕೆ ಮೂರು ಜಿಬಿಗಿಂತ ಹೆಚ್ಚೇ ಬೇಕಿತ್ತು. 4ಜಿಯಲ್ಲಿ ಅಷ್ಟನ್ನು ಕೋಟಾದ ಮೂಲಕ ಕೊಳ್ಳುವುದು ದುಬಾರಿ. ತಿಂಗಳ ಪ್ಲಾನಿನ ಮೇಲೆ 50 ಜಿಬಿಯ ಡೇಟಾ ಪ್ಯಾಕ್ ಹಾಕಿಸಿಕೊಳ್ಳಬಹುದು, ಆದರೆ ಅದೊಂದಕ್ಕೇ ಮತ್ತೆ ₹360ರ ಆಸುಪಾಸು ತೆರಬೇಕು. ಅಗ್ಗದ ದಾರಿ ಇದ್ದದ್ದು 5ಜಿಯಲ್ಲಿ. 2024ರ ಏರಿಕೆಯ ನಂತರ ಜಿಯೋ ಮತ್ತು ಏರ್‌ಟೆಲ್ ಎರಡೂ ದಿನಕ್ಕೆ 2 ಜಿಬಿ ಮತ್ತು ಅದಕ್ಕಿಂತ ಹೆಚ್ಚಿನ ಪ್ಲಾನ್‌ಗಳಿಗಷ್ಟೇ ಅನ್‌ಲಿಮಿಟೆಡ್ 5ಜಿ ಉಳಿಸಿಕೊಂಡವು. ಆ ಸೌಲಭ್ಯ ಸಿಗುವುದು ಫೋನ್ 5ಜಿಗೆ ಅಂಟಿಕೊಂಡಿರುವಷ್ಟು ಹೊತ್ತು ಮಾತ್ರ. ಸಿಗ್ನಲ್ 4ಜಿಗೆ ಜಾರಿದ ಕ್ಷಣದಿಂದ ಖರ್ಚಾಗುವುದು ದಿನದ ಕೋಟಾ. ಹಾಗಾಗಿ ನನ್ನ ಮಟ್ಟಿಗೆ ಪ್ಲಾನಿನ ಪ್ರಶ್ನೆ ಕೊನೆಗೆ ಟವರಿನ ಪ್ರಶ್ನೆಯಾಯಿತು: ಪಾಠ ಹೇಳುವ ಮೇಜಿನ ಮೇಲೆ ಸಂಜೆ ಏಳರಿಂದ ಒಂಬತ್ತೂವರೆಯವರೆಗೆ ಯಾವ ಕಂಪನಿಯ 5ಜಿ ಕದಲದೆ ನಿಲ್ಲುತ್ತದೆ?

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2024ರಲ್ಲಿ ತಂದ ಸೇವಾ ಗುಣಮಟ್ಟದ ನಿಯಮಗಳ ಪ್ರಕಾರ ಕಂಪನಿಗಳು ತಮ್ಮ ವ್ಯಾಪ್ತಿಯ ನಕ್ಷೆಯನ್ನು ವೆಬ್‌ಸೈಟಿನಲ್ಲಿ ತೋರಿಸಬೇಕು. ಊರಿಗೆ ಯಾವುದು ಬರುತ್ತದೆ, ಯಾವುದು ಬರುವುದಿಲ್ಲ ಎಂಬ ಮೊದಲ ಜರಡಿಗೆ ಆ ನಕ್ಷೆ ಸಾಕು. ಆದರೆ ಚಿರೆಕಲ್ಲಿನ ಗೋಡೆ, ಸುತ್ತಲ ತೋಟ, ನಡುವಿನ ಗುಡ್ಡ ಇವನ್ನು ಯಾವ ನಕ್ಷೆಯೂ ಮನೆಮನೆಗೆ ಲೆಕ್ಕ ಹಾಕಿ ಕೊಡುವುದಿಲ್ಲ. 3300 ಮೆಗಾಹರ್ಟ್ಸ್ ಸುತ್ತಲಿನ 5ಜಿ ತರಂಗ ವೇಗವಾಗಿದ್ದರೂ ಗೋಡೆ ದಾಟುವಾಗ ಸೋಲುತ್ತದೆ. 700 ಮೆಗಾಹರ್ಟ್ಸ್‌ನದು ಅಷ್ಟು ವೇಗ ಕೊಡದಿದ್ದರೂ ದೂರ ಬರುತ್ತದೆ, ಒಳಗೂ ಬರುತ್ತದೆ. ಫೋನಿನಲ್ಲಿ ಆ ಬ್ಯಾಂಡ್ ಇರಬೇಕಷ್ಟೆ: 700ಕ್ಕೆ ಎನ್28, 3300ಕ್ಕೆ ಎನ್78. ಜಿಯೋದ 5ಜಿ ಸ್ಟ್ಯಾಂಡ್‌ಅಲೋನ್ ಬಗೆಯದು, ಅಂದರೆ 4ಜಿ ಜಾಲದ ನೆರವಿಲ್ಲದೆ ನಡೆಯುವಂಥದ್ದಾದ್ದರಿಂದ ಫೋನ್ ಅದನ್ನೂ ಬೆಂಬಲಿಸಬೇಕು. ಹಳೆಯ 5ಜಿ ಫೋನ್ ಇದ್ದವರು ಸಿಮ್ ಕೊಳ್ಳುವ ಮೊದಲು ಇದನ್ನೊಂದು ನೋಡಿಕೊಳ್ಳಬೇಕು.

ನಾನು ಎರಡನೆಯ ಸಿಮ್ ಒಂದನ್ನು ಕೊಂಡು, ಸಣ್ಣ ಅವಧಿಯ ಪ್ಲಾನ್ ಹಾಕಿಸಿ ಪರೀಕ್ಷಿಸಿದೆ. ಫೋನಿನ 'ಅಬೌಟ್ ಫೋನ್' ವಿಭಾಗದಲ್ಲಿ ಸಿಮ್ ಸ್ಟೇಟಸ್ ತೆರೆದರೆ ಸಿಗ್ನಲ್ಲಿನ ಬಲ ಡಿಬಿಎಂ ಎಂಬ ಅಳತೆಯಲ್ಲಿ ಕಾಣುತ್ತದೆ, ಮೈನಸ್ ಅಂಕಿ ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು. ಮೈನಸ್ 90ರ ಹತ್ತಿರವಿದ್ದರೆ ನೆಮ್ಮದಿ, ಮೈನಸ್ 110 ದಾಟಿದರೆ ಕಷ್ಟ. ಮೇಲೆ ಕಾಣುವ ಕಡ್ಡಿಗಳನ್ನು ನಾನು ನಂಬುವುದಿಲ್ಲ, ಒಂದೊಂದು ಫೋನ್ ಒಂದೊಂದು ರೀತಿ ಎಣಿಸುತ್ತದೆ. ಜಗಲಿಯಲ್ಲಿ ಮೈನಸ್ 113 ತೋರಿಸುತ್ತಿದ್ದ ಅದೇ ಸಿಮ್ ಉಪ್ಪರಿಗೆಯ ಪಶ್ಚಿಮದ ಕಿಟಕಿಯಲ್ಲಿ ಮೈನಸ್ 97ಕ್ಕೆ ಬಂದಾಗ ಪಾಠದ ಕೋಣೆ ಮೇಲಕ್ಕೆ ಹೋಗಬೇಕೆಂಬುದು ಇತ್ಯರ್ಥವಾಯಿತು. ಬೆಳಿಗ್ಗೆ ಮಾಡಿದ ಸ್ಪೀಡ್ ಟೆಸ್ಟ್‌ಗೆ ಬೆಲೆಯಿಲ್ಲ. ಊರಿಗೆ ಊರೇ ಫೋನ್ ಹಿಡಿದು ಕೂರುವ ಸಂಜೆ ಎಂಟರ ಹೊತ್ತಿನ ಅಪ್‌ಲೋಡ್ ವೇಗ, ಪಿಂಗ್ (ಕಳಿಸಿದ್ದಕ್ಕೆ ಉತ್ತರ ಮರಳಲು ಹಿಡಿಯುವ ಸಮಯ) ಇವೆರಡೇ ಪಾಠಕ್ಕೆ ಮುಖ್ಯ. ಡೌನ್‌ಲೋಡ್ ನೂರು ಬಂದರೂ ಇನ್ನೂರು ಬಂದರೂ ನನಗೆ ವ್ಯತ್ಯಾಸವಿಲ್ಲ.

ಟವರ್ ಖಚಿತವಾದ ಮೇಲೆ ಹಣದ ಲೆಕ್ಕ ಸುಲಭ. ಜಿಯೋದ ದರವನ್ನೇ ಉದಾಹರಣೆಯಾಗಿ ಹಿಡಿಯುತ್ತೇನೆ. ಈ ಅಂಕಿಗಳು 2024ರ ಏರಿಕೆಯ ನಂತರದವು. ದಿನಕ್ಕೆ 2 ಜಿಬಿಯ 28 ದಿನಗಳ ಪ್ಲಾನ್ ₹349. ಇಪ್ಪತ್ತೆಂಟು ದಿನವನ್ನು ತಿಂಗಳು ಎಂದು ಭಾವಿಸುವವರು ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ರೀಚಾರ್ಜ್ ಮಾಡಿಸುತ್ತಾರೆ, ಒಟ್ಟು ₹4,537. ಅದೇ 2 ಜಿಬಿಯ 84 ದಿನಗಳ ಪ್ಲಾನ್ ₹859, ಅಂದರೆ ದಿನಕ್ಕೆ ಹತ್ತು ರೂಪಾಯಿ ಚಿಲ್ಲರೆ. ದಿನಕ್ಕೆ 2.5 ಜಿಬಿ ಕೊಡುವ 365 ದಿನಗಳ ಪ್ಲಾನ್ ₹3,599, ದಿನಕ್ಕೆ ಹತ್ತು ರೂಪಾಯಿಗೂ ಕಡಿಮೆ. ಹೆಚ್ಚು ಡೇಟಾ ಬಳಸುವವರಿಗೆ ವರ್ಷದ ಪ್ಲಾನ್ ₹938 ಉಳಿಸಿ, ದಿನಕ್ಕೆ ಅರ್ಧ ಜಿಬಿ ಹೆಚ್ಚಾಗಿಯೇ ಕೊಡುತ್ತದೆ. ಆದರೆ ನಡುವೆ ನಂಬರ್ ಉಳಿಸಿಕೊಂಡು ಬೇರೆ ಕಂಪನಿಗೆ ಪೋರ್ಟ್ ಆದರೆ ಉಳಿದ ಅವಧಿ ಅಲ್ಲಿಗೇ ಮುಗಿಯುತ್ತದೆ, ಹಣ ವಾಪಸ್ ಬರುವುದಿಲ್ಲ. ಸಣ್ಣ ಅವಧಿಯ ಪರೀಕ್ಷೆಯನ್ನು ಮೊದಲಿಗಿಟ್ಟದ್ದು ಈ ಕಾರಣಕ್ಕೆ. ಪೋಸ್ಟ್‌ಪೇಯ್ಡ್ ನೋಡುವವರು ತೋರಿಸಿದ ದರದ ಮೇಲೆ ಶೇ 18 ಜಿಎಸ್‌ಟಿ ಸೇರಿಸಿಯೇ ಹೋಲಿಸಬೇಕು, ಪ್ರೀಪೇಯ್ಡ್ ದರದಲ್ಲಿ ಅದು ಒಳಗೇ ಇರುತ್ತದೆ. ಒಟಿಟಿ ಸೇರಿಸಿದ ಪ್ಲಾನ್‌ಗಳನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಬ್ಯಾಂಕು, ಆಧಾರ್, ಪೋಷಕರು ಎಲ್ಲರಲ್ಲೂ ಇರುವ ನನ್ನ ಹಳೆಯ ನಂಬರನ್ನು ಡೇಟಾದಿಂದ ಬಿಡಿಸಿದ್ದು ಇನ್ನೊಂದು ಅನುಕೂಲ. ಟ್ರಾಯ್ 2024ರ ಡಿಸೆಂಬರಿನಲ್ಲಿ ಹೊರಡಿಸಿದ ತಿದ್ದುಪಡಿಯಿಂದಾಗಿ ಡೇಟಾ ಇಲ್ಲದ, ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರದ ಪ್ಲಾನ್ ಕೊಡುವುದು ಕಂಪನಿಗಳಿಗೆ ಕಡ್ಡಾಯವಾಯಿತು. ಐನೂರು ರೂಪಾಯಿಯೊಳಗೆ 84 ದಿನ ನಡೆಯುತ್ತದೆ. ಕೀಪ್ಯಾಡ್ ಫೋನಿನ ಆಯಿಗೂ ಅದನ್ನೇ ಹಾಕಿಸಿದ್ದೇನೆ, ಅಲ್ಲಿಯವರೆಗೆ ಅವಳ ದಿನದ ಒಂದೂವರೆ ಜಿಬಿ ಸುಮ್ಮನೆ ಹಾಳಾಗುತ್ತಿತ್ತು. ಎರಡೂ ಸಿಮ್ ಒಂದೇ ಕಂಪನಿಯದಾಗಬಾರದು ಎಂಬುದು ಮಲೆನಾಡಿನ ಮಳೆಗಾಲ ಕಂಡವರಿಗೆ ಹೇಳಬೇಕಾಗಿಲ್ಲ. ಕರೆಂಟು ಹೋಗಿ, ಟವರಿನ ಬ್ಯಾಟರಿಯೂ ಮುಗಿದ ದಿನ ಒಂದು ಸಿಮ್ ಸತ್ತರೂ ಇನ್ನೊಂದರಲ್ಲಿ "ಇವತ್ತು ಪಾಠ ಇಲ್ಲ" ಎಂದು ತಿಳಿಸುವಷ್ಟಾದರೂ ದಾರಿ ಇರುತ್ತದೆ.

ಎರಡನೆಯ ಸಿಮ್ ಬೇಡ, ಇರುವ ನಂಬರನ್ನೇ ಒಯ್ಯುತ್ತೇನೆ ಎನ್ನುವವರು 'ಪೋರ್ಟ್' ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು ತಮ್ಮ ನಂಬರ್ ಹಾಕಿ 1900ಕ್ಕೆ ಎಸ್ಸೆಮ್ಮೆಸ್ ಕಳಿಸಬೇಕು. ಉತ್ತರವಾಗಿ ಬರುವ, ಹೊಸ ಕಂಪನಿಗೆ ಕೊಡಬೇಕಾದ ಯುಪಿಸಿ ಕೋಡಿಗೆ ಕರ್ನಾಟಕದಲ್ಲಿ ನಾಲ್ಕು ದಿನದ ಆಯಸ್ಸು. ಈಗಿನ ಕಂಪನಿಯಲ್ಲಿ 90 ದಿನ ಕಳೆದಿರಬೇಕು, ಹಳೆಯ ಪೋಸ್ಟ್‌ಪೇಯ್ಡ್ ಬಾಕಿ ಇರಬಾರದು, ಸಿಮ್ ಕಳೆದೋ ಕೆಟ್ಟೋ ಬದಲಿಸಿಕೊಂಡಿದ್ದರೆ ಏಳು ದಿನ ಕಾಯಬೇಕು. ಒಂದೇ ವಲಯದೊಳಗಿನ ಬದಲಾವಣೆಗೆ ಮೂರು ಕೆಲಸದ ದಿನ ಹಿಡಿಯುತ್ತದೆ. ಹಳೆಯ ಪ್ಲಾನ್ ಮುಗಿಯುವ ವಾರವೇ ಇದನ್ನು ಇಟ್ಟುಕೊಂಡರೆ ನಷ್ಟ ಕಡಿಮೆ. ಆ ವಾರ ಟ್ರಾಯ್‌ನ ದರಗಳ ಪೋರ್ಟಲ್‌ನಲ್ಲಿ ಕರ್ನಾಟಕ ವಲಯ ಆರಿಸಿಕೊಂಡು ಎಲ್ಲ ಕಂಪನಿಗಳ ಪ್ಲಾನ್‌ಗಳನ್ನು ಒಟ್ಟಿಗೆ ನೋಡಬಹುದು.