ನಾಯಿಗೆ ಕಜ್ಜಿ ಹಿಡಿದಾಗ: ಮೊದಲು ಹುಳ ಯಾವುದೆಂದು ತಿಳಿಯಿರಿ

ನಾಯಿ ಎಂದ ಮೇಲೆ ಮೈ ಕೆರೆದುಕೊಳ್ಳುವುದು ಇದ್ದದ್ದೇ. ಆದರೆ ತಟ್ಟೆಗೆ ಹಾಕಿದ ಅನ್ನವನ್ನು ಅರ್ಧಕ್ಕೇ ಬಿಟ್ಟು ಕುಳಿತು ಕೆರೆಯತೊಡಗಿದರೆ, ನಡುರಾತ್ರಿ ಜಗುಲಿಯಲ್ಲಿ ಹಿಂಗಾಲು ನೆಲಕ್ಕೆ ಟಪಟಪನೆ ಬಡಿಯುವ ಸದ್ದಿಗೆ ಮನೆಯವರಿಗೆ ಎಚ್ಚರವಾದರೆ, ಅಥವಾ ಕೆರೆತವೇ ಇಲ್ಲದೆ ಕಣ್ಣಿನ ಸುತ್ತ ನಾಣ್ಯದಗಲಕ್ಕೆ ಕೂದಲು ಉದುರಿದ್ದು ಕಂಡರೆ, ಕಜ್ಜಿ ಇರಬಹುದೆಂದು ಶಂಕಿಸಬೇಕು. ನಾವು ಕಜ್ಜಿ ಎಂದು ಒಂದೇ ಹೆಸರಿನಿಂದ ಕರೆಯುವುದು ಸಾಮಾನ್ಯವಾಗಿ ಎರಡು ಬೇರೆ ಬೇರೆ ಹುಳಗಳಿಂದ ಬರುವ ಎರಡು ಕಾಯಿಲೆಗಳನ್ನು. ಒಂದು ಅಂಟುತ್ತದೆ, ಇನ್ನೊಂದು ಅಂಟುವುದಿಲ್ಲ. ಒಂದಕ್ಕೆ ಮನೆಯಲ್ಲಿರುವ ಅಷ್ಟೂ ನಾಯಿಗಳಿಗೆ ಔಷಧ ಕೊಡಬೇಕು, ಇನ್ನೊಂದಕ್ಕೆ ಕೆಲವೊಮ್ಮೆ ಔಷಧವೇ ಬೇಕಾಗುವುದಿಲ್ಲ. ಈ ಭೇದ ತಿಳಿಯದೆ ಕೈಗೆ ಸಿಕ್ಕಿದ್ದನ್ನು ಹಚ್ಚುತ್ತ ಹೋಗುವುದರಿಂದಲೇ ಬಹಳಷ್ಟು ನಾಯಿಗಳು ತಿಂಗಳುಗಟ್ಟಲೆ ನರಳುತ್ತವೆ.

ಅಂಟುವ ಕಜ್ಜಿಯ ಹುಳಕ್ಕೆ ಸಾರ್ಕಾಪ್ಟಿಸ್ ಎಂದು ಹೆಸರು. ಇದರ ಹೆಣ್ಣು ಹುಳ ಅರ್ಧ ಮಿಲಿಮೀಟರ್‌ಗಿಂತಲೂ ಚಿಕ್ಕದು. ಅದು ಚರ್ಮದ ಮೇಲ್ಪದರದಲ್ಲಿ ಬಿಲ ಕೊರೆಯುತ್ತ ಮೊಟ್ಟೆಯಿಡುತ್ತದೆ. ಮೊಟ್ಟೆಯೊಡೆದು ಮರಿ ಬೆಳೆದು ಮತ್ತೆ ಮೊಟ್ಟೆಯಿಡುವ ಹಂತಕ್ಕೆ ಬರಲು ಸುಮಾರು ಎರಡರಿಂದ ಮೂರು ವಾರ ಸಾಕು. ಕೂದಲು ಕಡಿಮೆ ಇರುವ ಕಡೆಯಲ್ಲಿ ಇದು ಮೊದಲು ನೆಲೆಸುತ್ತದೆ: ಕಿವಿಯ ಅಂಚು, ಮೊಣಕೈ, ಹಿಂಗಾಲಿನ ಗಂಟು, ಹೊಟ್ಟೆಯ ಕೆಳಭಾಗ. ಚಿಕಿತ್ಸೆ ಸಿಗದೆ ಹೋದರೆ ಚರ್ಮ ದಪ್ಪಗಾಗಿ, ಮಡಿಕೆಬಿದ್ದು, ಬೂದುಬಣ್ಣಕ್ಕೆ ತಿರುಗಿ ಆನೆಯ ಚರ್ಮದಂತೆ ಕಾಣತೊಡಗುತ್ತದೆ. ಮನೆಯಲ್ಲೇ ಮಾಡಿ ನೋಡಬಹುದಾದ ಒಂದು ಪರೀಕ್ಷೆಯಿದೆ. ನಾಯಿಯ ಕಿವಿಯ ತುದಿಯನ್ನು ಮಡಚಿ, ಅಂಚನ್ನು ಅದೇ ಕಿವಿಯ ಒಳಮೈಗೆ ತಾಗಿಸಿ ಹೆಬ್ಬೆರಳಿನಿಂದ ಕೆಲವು ಸೆಕೆಂಡು ಮೃದುವಾಗಿ ಉಜ್ಜಿ. ಆಗ ಆ ಬದಿಯ ಹಿಂಗಾಲು ತಾನಾಗಿ ಮೇಲೆದ್ದು ಗಾಳಿಯಲ್ಲೇ ಕೆರೆಯತೊಡಗಿದರೆ ಸಾರ್ಕಾಪ್ಟಿಸ್ ಇರುವ ಸಾಧ್ಯತೆ ಹೆಚ್ಚು. ಇದು ಪೂರ್ತಿ ಪುರಾವೆಯಲ್ಲ, ಆದರೂ ವೈದ್ಯರಿಗೆ ತಿಳಿಸಲೇಬೇಕಾದ ಸುಳಿವು.

ಇನ್ನೊಂದು ಹುಳ ಡೆಮೊಡೆಕ್ಸ್. ಇದು ಹೊರಗಿನಿಂದ ಬಂದ ಶತ್ರುವಲ್ಲ. ಮರಿ ಹುಟ್ಟಿದ ಮೊದಲೆರಡು ಮೂರು ದಿನಗಳಲ್ಲಿ, ಹಾಲು ಕುಡಿಯುವಾಗ, ತಾಯಿಯ ಮೈಯಿಂದಲೇ ಅದು ದಾಟಿಬರುತ್ತದೆ. ಆರೋಗ್ಯವಂತ ನಾಯಿಯ ಕೂದಲಿನ ಬುಡದಲ್ಲೂ ಬೀಡಿಯಾಕಾರದ ಈ ಹುಳ ಅಲ್ಪಸಂಖ್ಯೆಯಲ್ಲಿ ಸದ್ದಿಲ್ಲದೆ ಬದುಕಿರುತ್ತದೆ. ರೋಗನಿರೋಧಕ ಶಕ್ತಿ ಕುಂದಿದಾಗ ಮಾತ್ರ ಲೆಕ್ಕವಿಲ್ಲದಷ್ಟು ಹೆಚ್ಚಿ ಕೂದಲು ಉದುರಿಸುತ್ತದೆ. ಒಂದು ವರ್ಷದೊಳಗಿನ ಮರಿಯ ಮುಖದಲ್ಲೋ ಮುಂಗಾಲಿನಲ್ಲೋ ನಾಲ್ಕಾರು ಬೋಳು ಮಚ್ಚೆಗಳಷ್ಟೇ ಕಂಡರೆ ಗಾಬರಿಯಾಗಬೇಕಿಲ್ಲ. ಹೊಟ್ಟೆಹುಳುವಿನ ಔಷಧ ಹಾಕಿಸಿ, ಹೊಟ್ಟೆತುಂಬ ಒಳ್ಳೆಯ ಆಹಾರ ಕೊಟ್ಟರೆ ಬಹುಪಾಲು ಮರಿಗಳಲ್ಲಿ ಅದು ಆರೆಂಟು ವಾರಗಳಲ್ಲಿ ತಾನೇ ವಾಸಿಯಾಗುತ್ತದೆ. ಮೈಯೆಲ್ಲ ಹರಡಿದರೆ, ಪಾದಗಳು ಊದಿ ಕೀವು ಸುರಿದರೆ ಮಾತು ಬೇರೆ. ಹಾಗೆಯೇ ನಾಲ್ಕೈದು ವರ್ಷ ದಾಟಿದ ನಾಯಿಗೆ ಮೊದಲ ಬಾರಿ ಡೆಮೊಡೆಕ್ಸ್ ಕಜ್ಜಿ ಕಾಣಿಸಿಕೊಂಡರೆ ಒಳಗೆ ಇನ್ನೇನೋ ಇದೆಯೆಂದೇ ತಿಳಿದು ಥೈರಾಯ್ಡ್ ಕೊರತೆ, ಹಾರ್ಮೋನಿನ ಏರುಪೇರು, ಗೆಡ್ಡೆ, ಬಹುಕಾಲ ಕೊಟ್ಟ ಸ್ಟಿರಾಯ್ಡ್ ಇವುಗಳಲ್ಲಿ ಕಾರಣ ಹುಡುಕಬೇಕಾಗುತ್ತದೆ.

ಎಲ್ಲ ಕೆರೆತವೂ ಕಜ್ಜಿಯಲ್ಲ. ಬಾಲದ ಬುಡ ಮತ್ತು ಸೊಂಟವನ್ನೇ ಕಚ್ಚಿಕೊಳ್ಳುತ್ತಿದ್ದರೆ ಚಿಗಟದ ಅಲರ್ಜಿ, ಮೈ ಜಿಡ್ಡುಜಿಡ್ಡಾಗಿ ಮುಗ್ಗಲು ನಾತ ಬರುತ್ತಿದ್ದರೆ ಯೀಸ್ಟ್ ಎಂಬ ಶಿಲೀಂಧ್ರ, ದುಂಡಗಿನ ಬೋಳು ಮಚ್ಚೆಗಳಾಗಿದ್ದರೆ ಹುಳುಕಡ್ಡಿ ಎಂದು ಅನುಮಾನಿಸಬಹುದು. ಆದರೆ ಬರಿಗಣ್ಣಿಗೆ ಇವೆಲ್ಲ ಒಂದನ್ನೊಂದು ಹೋಲುವುದರಿಂದ, ಚರ್ಮವನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡದೆ ತೀರ್ಮಾನಕ್ಕೆ ಬರುವುದು ಸರಿಯಲ್ಲ. ವೈದ್ಯರು ಬ್ಲೇಡಿನ ಮೊಂಡು ಬದಿಯಿಂದ ಸಣ್ಣಗೆ ರಕ್ತ ಒಸರುವವರೆಗೆ ಚರ್ಮವನ್ನು ಕೆರೆದು ಗಾಜಿನ ಪಟ್ಟಿಗೆ ಹಾಕುತ್ತಾರೆ. ನೋಡಲು ಕಷ್ಟವೆನಿಸಿದರೂ ನಾಯಿಗೆ ಅದರಿಂದ ಹೆಚ್ಚಿನ ನೋವಿಲ್ಲ. ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ಈ ಪರೀಕ್ಷೆಗೆ ಅನುಕೂಲವಿಲ್ಲದಿದ್ದರೆ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ಗಳ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗೆ ಕರೆದೊಯ್ಯಬಹುದು. ಪರೀಕ್ಷೆಗೆ ಮುನ್ನ ಎಣ್ಣೆ, ಪುಡಿ, ಮುಲಾಮು ಯಾವುದನ್ನೂ ಹಚ್ಚಬೇಡಿ. ಒಂದು ವಿಷಯ ನೆನಪಿರಲಿ: ಡೆಮೊಡೆಕ್ಸ್ ಸಾಮಾನ್ಯವಾಗಿ ಕೆರೆದಾಗ ಸಿಕ್ಕಿಬೀಳುತ್ತದೆ, ಆದರೆ ಸಾರ್ಕಾಪ್ಟಿಸ್ ಅನೇಕ ಬಾರಿ ತಪ್ಪಿಸಿಕೊಳ್ಳುತ್ತದೆ. ಲಕ್ಷಣಗಳು ಹೊಂದುತ್ತಿದ್ದರೆ, ಹುಳ ಕಾಣದಿದ್ದರೂ ವೈದ್ಯರು ಚಿಕಿತ್ಸೆ ಆರಂಭಿಸುವುದು ತಪ್ಪಲ್ಲ.

ಔಷಧದ ವಿಷಯದಲ್ಲಿ ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ದೊಡ್ಡ ಬದಲಾವಣೆಯಾಗಿದೆ. ಉಣ್ಣಿ ಮತ್ತು ಚಿಗಟಕ್ಕೆಂದು ಬಂದ ಅಫಾಕ್ಸೊಲೇನರ್, ಫ್ಲೂರಲೇನರ್, ಸರೊಲೇನರ್ ಎಂಬ ಜಗಿಯುವ ಮಾತ್ರೆಗಳು ಎರಡೂ ಬಗೆಯ ಕಜ್ಜಿಹುಳಗಳ ಮೇಲೆ ಚೆನ್ನಾಗಿ ಕೆಲಸ ಮಾಡುತ್ತವೆ. ನೆಕ್ಸ್‌ಗಾರ್ಡ್, ಬ್ರಾವೆಕ್ಟೊ, ಸಿಂಪಾರಿಕಾ ಎಂಬ ಹೆಸರುಗಳಲ್ಲಿ ಸಿಗುವುದು ಇವೇ. ನಾಯಿಯ ತೂಕಕ್ಕೆ ತಕ್ಕ ಮಾತ್ರೆಯನ್ನೇ ಕೊಡಬೇಕು. ದೊಡ್ಡ ನಾಯಿಯ ಮಾತ್ರೆಯನ್ನು ತುಂಡುಮಾಡಿ ಎರಡು ಮರಿಗಳಿಗೆ ಹಂಚಬಾರದು. ನಾಯಿಗೆ ಹಿಂದೆ ಫಿಟ್ಸ್ ಬಂದಿದ್ದರೆ ವೈದ್ಯರಿಗೆ ಮರೆಯದೆ ಹೇಳಿ, ಏಕೆಂದರೆ ಈ ಗುಂಪಿನ ಮಾತ್ರೆಗಳಿಂದ ಕೆಲವು ನಾಯಿಗಳಲ್ಲಿ ನಡುಕ, ಫಿಟ್ಸ್ ಕಾಣಿಸಿಕೊಳ್ಳಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಎಚ್ಚರಿಸಿದೆ.

ಐವರ್‌ಮೆಕ್ಟಿನ್ ನಮ್ಮ ಹಳ್ಳಿಗಳಲ್ಲಿ ಇಂದಿಗೂ ಹೆಚ್ಚು ಬಳಕೆಯಲ್ಲಿರುವ ಔಷಧ, ನನಗೆ ಹೆಚ್ಚು ಭಯ ಹುಟ್ಟಿಸುವುದೂ ಅದೇ. ದನಗಳಿಗೆಂದು ಮಾರುವ ಚುಚ್ಚುಮದ್ದಿನ ಒಂದು ಮಿಲಿಲೀಟರಿನಲ್ಲಿ 10 ಮಿಲಿಗ್ರಾಂ ಔಷಧವಿರುತ್ತದೆ. ಐದು ಕಿಲೋ ತೂಕದ ನಾಯಿಗೆ ಅದರಲ್ಲಿ ಒಂದು ಹನಿ ಹೆಚ್ಚುಕಡಿಮೆಯಾದರೂ ಲೆಕ್ಕ ತಪ್ಪುತ್ತದೆ. ಕೋಲಿ, ಶೆಟ್‌ಲ್ಯಾಂಡ್ ಶೀಪ್‌ಡಾಗ್ ಮೊದಲಾದ ಕುರಿಕಾಯುವ ತಳಿಗಳಲ್ಲಿ, ಜರ್ಮನ್ ಶೆಫರ್ಡ್‌ಗಳಲ್ಲಿ ಕೆಲವಕ್ಕೆ, ಇವುಗಳ ಬೆರಕೆ ನಾಯಿಗಳಿಗೂ, ಒಂದು ಜೀನಿನ ದೋಷದಿಂದಾಗಿ ಈ ಔಷಧ ನೇರವಾಗಿ ಮಿದುಳಿಗೆ ನುಗ್ಗುತ್ತದೆ. ಔಷಧ ಕೊಟ್ಟ ಮೇಲೆ ಕಣ್ಣಿನ ಪಾಪೆ ಹಿಗ್ಗಿ, ಜೊಲ್ಲು ಸುರಿದು, ನಾಯಿ ತೂರಾಡತೊಡಗಿದರೆ ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಅಮಿಟ್ರಾಜ್ ದ್ರಾವಣದಿಂದ ಮೈ ತೊಳೆಯುವ ಪದ್ಧತಿಯೂ ಇದೆ. ಅದನ್ನು ವೈದ್ಯರು ಹೇಳಿದ ಪ್ರಮಾಣದ ನೀರಿನಲ್ಲಿ ಬೆರೆಸಿ, ಕೈಗವಸು ಹಾಕಿಕೊಂಡು, ಗಾಳಿಯಾಡುವ ಕಡೆ ಬಳಸಬೇಕು. ಮೈ ಒರೆಸದೆ ಹಾಗೆಯೇ ಆರಲು ಬಿಟ್ಟು, ಆರುವವರೆಗೆ ನಾಯಿ ನೆಕ್ಕಿಕೊಳ್ಳದಂತೆ ಕಾಯಬೇಕು. ಮಧುಮೇಹವಿರುವ ನಾಯಿಗೆ ಇದು ಸಲ್ಲದು, ಮಧುಮೇಹವಿರುವ ಮನುಷ್ಯರೂ ಇದನ್ನು ಮುಟ್ಟದಿರುವುದು ಒಳ್ಳೆಯದು. ಇನ್ನು ಕೆರೆತ ನಿಲ್ಲಿಸಲೆಂದು ಸ್ಟಿರಾಯ್ಡ್ ಚುಚ್ಚಿಸುವ ಆತುರ ಬೇಡ. ಡೆಮೊಡೆಕ್ಸ್ ಇದ್ದಲ್ಲಿ ಸ್ಟಿರಾಯ್ಡ್ ಕೊಟ್ಟರೆ ಬೆಂಕಿಗೆ ತುಪ್ಪ ಸುರಿದಂತೆಯೇ.

ಮನೆಮದ್ದಿನ ವಿಷಯಕ್ಕೆ ಬರೋಣ. ನಮ್ಮ ಕೆಂಚನಿಗೆ ಮೊದಲ ಸಲ ಕಜ್ಜಿ ಹಿಡಿದಾಗ, ತಿಳಿದವರು ಎನಿಸಿಕೊಂಡವರೊಬ್ಬರ ಮಾತು ಕೇಳಿ ಗ್ಯಾರೇಜಿನಿಂದ ತಂದ ಹಳೆಯ ಎಂಜಿನ್ ಆಯಿಲ್ ಹಚ್ಚಿದ್ದೆವು. ಸಂಜೆಯ ಹೊತ್ತಿಗೆ ಅದು ಮುಂಗಾಲುಗಳನ್ನು ನೆಕ್ಕಿ ನೆಕ್ಕಿ ನಾಲಿಗೆ ಕಪ್ಪಾಗಿ, ಬಾಯಿಂದ ಕಪ್ಪು ಜೊಲ್ಲು ಇಳಿಯುತ್ತ, ವಾಂತಿ ಮಾಡಿಕೊಂಡು ಒಲೆಯ ಮೂಲೆಯಲ್ಲಿ ಮುದುಡಿ ಕುಳಿತಿತ್ತು; ಹೆಸರು ಕರೆದರೆ ಬಾಲದ ತುದಿ ಮಾತ್ರ ಅಲುಗುತ್ತಿತ್ತು. ಎಂಜಿನ್ ಆಯಿಲ್, ಸೀಮೆಎಣ್ಣೆ, ಫಿನಾಯಿಲ್, ಬೆಳೆಗೆ ಹೊಡೆಯುವ ಕೀಟನಾಶಕ ಇವೆಲ್ಲ ಹೊಟ್ಟೆಗೂ ಚರ್ಮದ ಮೂಲಕ ರಕ್ತಕ್ಕೂ ಸೇರುವ ವಿಷಗಳು. ಯಾರಾದರೂ ಹಚ್ಚಿಬಿಟ್ಟಿದ್ದರೆ ಪಾತ್ರೆ ತೊಳೆಯುವ ಸೋಪಿನ ದ್ರವದಿಂದ ಉಗುರುಬೆಚ್ಚಗಿನ ನೀರಿನಲ್ಲಿ ಮೂರ್ನಾಲ್ಕು ಸಲ ತೊಳೆದು ವೈದ್ಯರಲ್ಲಿಗೆ ಒಯ್ಯಿರಿ. ವಾಂತಿ ಮಾಡಿಸಲು ಮಾತ್ರ ಹೋಗಬೇಡಿ, ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಕುತ್ತು. ಬೇವಿನೆಣ್ಣೆ, ಹೊಂಗೆಎಣ್ಣೆಗಳು ಇವುಗಳಷ್ಟು ಅಪಾಯಕಾರಿಯಲ್ಲ, ಆದರೆ ಚರ್ಮದೊಳಗೆ ಬಿಲ ಕೊರೆದು ಕೂತ ಹುಳವನ್ನು ನಿರ್ಮೂಲ ಮಾಡಲು ಅವನ್ನೇ ನಂಬಿ ಕೂರುವಂತಿಲ್ಲ.

ಸಾರ್ಕಾಪ್ಟಿಸ್ ಎಂದು ಗೊತ್ತಾದರೆ ಒಡನಾಡುವ ಎಲ್ಲ ನಾಯಿಗಳಿಗೂ, ಅವು ಕೆರೆದುಕೊಳ್ಳದಿದ್ದರೂ, ಒಟ್ಟಿಗೇ ಚಿಕಿತ್ಸೆ ಆಗಬೇಕು. ತೋಟದ ಮನೆಗಳಲ್ಲಿ ನರಿಗಳಿಂದಲೂ ಈ ಹುಳ ನಾಯಿಗೆ ಹತ್ತುವುದುಂಟು. ಹಾಸಿಗೆ ಬಟ್ಟೆಗಳನ್ನು ಕುದಿನೀರಿನಲ್ಲಿ ಒಗೆದು ಬಿಸಿಲಿಗೆ ಹರವಿ. ಒಗೆಯಲಾಗದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಮೂರು ವಾರ ದೂರ ಇಡಿ. ನಾಯಿಯನ್ನು ಎತ್ತಿಕೊಳ್ಳುವ ಮಕ್ಕಳ ಮುಂದೋಳು, ಹೊಟ್ಟೆಯ ಮೇಲೆ ಸಣ್ಣ ಕೆಂಪು ಗುಳ್ಳೆಗಳೆದ್ದು ತುರಿಸಬಹುದು. ನಾಯಿಯ ಹುಳಕ್ಕೆ ಮನುಷ್ಯರ ಮೈಯಲ್ಲಿ ಸಂತತಿ ಬೆಳೆಸಲು ಆಗುವುದಿಲ್ಲವಾದ್ದರಿಂದ ನಾಯಿ ಗುಣವಾದ ಕೆಲವು ವಾರಗಳಲ್ಲಿ ಅದು ಅಡಗುತ್ತದೆ. ಅಡಗದಿದ್ದರೆ ಚರ್ಮವೈದ್ಯರಿಗೆ ತೋರಿಸಿ, ಮನೆಯಲ್ಲಿ ನಾಯಿಗೆ ಕಜ್ಜಿಯಾಗಿದೆ ಎಂಬುದನ್ನೂ ತಿಳಿಸಿ.

ಚರ್ಮದಲ್ಲಿ ಕೀವು, ದುರ್ನಾತ ಇದ್ದರೆ ಬ್ಯಾಕ್ಟೀರಿಯಾ ಸೇರಿದೆಯೆಂದು ಅರ್ಥ. ಅದಕ್ಕೆ ಬೇರೆಯೇ ಔಷಧದ ಜೊತೆಗೆ ವಾರಕ್ಕೊಮ್ಮೆ ಕ್ಲೋರ್‌ಹೆಕ್ಸಿಡಿನ್ ಶಾಂಪೂವಿನ ಸ್ನಾನ ಬೇಕಾಗಬಹುದು. ನೊರೆಯನ್ನು ಹತ್ತು ನಿಮಿಷ ಮೈಮೇಲೆ ಬಿಟ್ಟು ತೊಳೆಯದೆ ಹೋದರೆ ಆ ಸ್ನಾನದಿಂದ ಪ್ರಯೋಜನ ಕಡಿಮೆ.

ಬಹಳ ಜನ ಎಡವುವುದು ಕೊನೆಯ ಹಂತದಲ್ಲಿ. ಮೂರ್ನಾಲ್ಕು ವಾರಗಳಲ್ಲಿ ಕೆರೆತ ಇಳಿದು, ಬೋಳಾಗಿದ್ದ ಕಡೆ ನವಿರಾದ ಕೂದಲು ಚಿಗುರುವುದನ್ನು ಕಂಡು ಔಷಧ ನಿಲ್ಲಿಸಿಬಿಡುತ್ತಾರೆ. ಮೈಯೆಲ್ಲ ಹರಡಿದ ಡೆಮೊಡೆಕ್ಸ್‌ನಲ್ಲಿ ಕೂದಲು ಬಂದ ಮೇಲೂ ಬುಡದಲ್ಲಿ ಹುಳ ಉಳಿದಿರುತ್ತದೆ. ಆದ್ದರಿಂದ ತಿಂಗಳಿಗೊಮ್ಮೆ ಚರ್ಮ ಕೆರೆದು ಪರೀಕ್ಷಿಸಿ, ಸತತ ಎರಡು ಸಲ ಹುಳವಾಗಲಿ ಮೊಟ್ಟೆಯಾಗಲಿ ಕಾಣದಿದ್ದ ಮೇಲೆಯೇ ಔಷಧ ನಿಲ್ಲಿಸುವ ಮಾತಾಡಬೇಕು, ಅನಂತರವೂ ಒಂದು ವರ್ಷ ಮೈಮೇಲೆ ಕಣ್ಣಿಟ್ಟಿರಬೇಕು. ಇಂಥ ನಾಯಿ ಹೆಣ್ಣಾಗಲಿ ಗಂಡಾಗಲಿ, ಗುಣವಾದ ಮೇಲೆ ಸಂತಾನಶಕ್ತಿಹರಣ ಮಾಡಿಸಿ. ಈ ದೌರ್ಬಲ್ಯ ಮರಿಗಳಿಗೆ ಇಳಿಯಬಲ್ಲದು, ಹೆಣ್ಣಿನಲ್ಲಿ ಬೆದೆ ಮತ್ತು ಬಸಿರು ಕಜ್ಜಿಯನ್ನು ಮತ್ತೆ ಕೆರಳಿಸಲೂಬಹುದು.