ಇತಿಹಾಸ ಓದಿ ಸಾಫ್ಟ್‌ವೇರ್ ಲೋಕಕ್ಕೆ ಬಂದದ್ದು ಹೀಗೆ

ನಾನು ಎಂ.ಎ. ಮಾಡಿದ್ದು ಇತಿಹಾಸದಲ್ಲಿ. ಈಗ ಮಾಡುತ್ತಿರುವುದು ಯೂಸರ್ ರಿಸರ್ಚ್. ಒಂದು ಆ್ಯಪ್ ಬಳಸುವವರು ಎಲ್ಲಿ ತಡವರಿಸುತ್ತಾರೆ, ಯಾಕೆ ಅರ್ಧಕ್ಕೇ ಬಿಟ್ಟು ಹೋಗುತ್ತಾರೆ ಅಂತ ಪಕ್ಕದಲ್ಲಿ ಕೂತು ನೋಡಿ, ಅದನ್ನು ತಯಾರಿಸುವ ತಂಡಕ್ಕೆ ತಿಳಿಸುವ ಕೆಲಸ. ಇತಿಹಾಸಕ್ಕೂ ಇದಕ್ಕೂ ಏನು ಸಂಬಂಧ ಅಂತ ಕೇಳುವವರೇ ಜಾಸ್ತಿ. ಸಂಬಂಧ ಇದೆ. ಅದನ್ನು ನಾನು ಹೇಗೆ ಕಂಡುಕೊಂಡೆ, ಕೆಲಸ ಕೊಡುವವರಿಗೆ ಹೇಗೆ ತೋರಿಸಿದೆ ಅನ್ನುವುದನ್ನು ಬರೆಯುತ್ತಿದ್ದೇನೆ. ಪದವಿ ಮುಗಿಸಿ ಮುಂದೇನು ಅಂತ ಯೋಚಿಸುತ್ತಿರುವವರಿಗೆ ಉಪಯೋಗ ಆಗಬಹುದು.

ಮೊದಲು ನಾನು ಒಂದು ಹಾಳೆಯಲ್ಲಿ ಓದುವಾಗ ಕೈಯಾರೆ ಮಾಡಿದ ಕೆಲಸಗಳನ್ನೆಲ್ಲ ಬರೆದೆ. ಓದಿದ ಪಾಠಗಳ ಹೆಸರು ಅದರಲ್ಲಿ ಇರಲಿಲ್ಲ. ‘ವಿಮರ್ಶಾತ್ಮಕ ಚಿಂತನೆ’, ‘ಸಂವಹನ ಕೌಶಲ’ ಇಂಥ ಮಾತುಗಳನ್ನೂ ದೂರ ಇಟ್ಟೆ. ಅವನ್ನು ಎಲ್ಲರೂ ಬರೆಯುತ್ತಾರೆ, ಓದಿದವರಿಗೆ ಏನೂ ತಿಳಿಯುವುದಿಲ್ಲ. ನಾನು ಬರೆದದ್ದು ಇಂಥವು: ಹಿರಿಯರನ್ನು ಮಾತಾಡಿಸಿ, ಅವರ ನೆನಪುಗಳನ್ನು ರೆಕಾರ್ಡ್ ಮಾಡಿ, ಅಕ್ಷರಕ್ಕೆ ಇಳಿಸಿದ್ದೇನೆ. ಒಂದೇ ಘಟನೆಯನ್ನು ಬೇರೆ ಬೇರೆಯವರು ಬೇರೆ ಬೇರೆ ಥರ ಹೇಳಿದಾಗ ಯಾರ ಮಾತನ್ನು ಎಷ್ಟು ನಂಬಬೇಕು ಅಂತ ತೂಗಿದ್ದೇನೆ. ರಾಶಿ ಕಾಗದಪತ್ರ ಓದಿ ಅದರ ಸಾರವನ್ನು ಎರಡು ಪುಟಕ್ಕೆ ತಂದಿದ್ದೇನೆ.

ಇದರಲ್ಲಿ ಎರಡನೆಯದೇ ಮುಂದೆ ನನ್ನ ಅನ್ನದ ದಾರಿ ಆಯಿತು. ಇತಿಹಾಸದ ವಿದ್ಯಾರ್ಥಿ ಯಾವ ದಾಖಲೆಯನ್ನೂ ಸುಮ್ನೆ ನಂಬುವುದಿಲ್ಲ. ಯಾರು ಬರೆದರು, ಯಾರಿಗಾಗಿ ಬರೆದರು, ಏನನ್ನು ಹೇಳದೆ ಬಿಟ್ಟರು ಅಂತ ಕೇಳುತ್ತಾನೆ. ಹಳೆಯ ತೆರಿಗೆ ಲೆಕ್ಕದಲ್ಲಿ ಬೆಳೆ ಕಡಿಮೆ ಅಂತ ಇದ್ದರೆ, ನಿಜವಾಗಿಯೂ ಬೆಳೆ ಕಡಿಮೆ ಇದ್ದಿರಬಹುದು. ಇಲ್ಲವೇ ತೆರಿಗೆ ಉಳಿಸಲು ಕಡಿಮೆ ತೋರಿಸಿರಬಹುದು. ಈಗ ಇದನ್ನೇ ಇಲ್ಲಿಗೆ ತನ್ನಿ. ಆ್ಯಪ್ ಮಾಡಿದ ತಂಡದವರು ಎದುರಿಗೆ ಕೂತು ‘ಹೇಗಿದೆ?’ ಅಂತ ಕೇಳಿದರೆ ಮುಕ್ಕಾಲು ಜನ ‘ಚೆನ್ನಾಗಿದೆ’ ಅಂತಾರೆ. ಎದುರಿಗಿರುವವರ ಮನಸ್ಸು ನೋಯಿಸಲು ಯಾರಿಗೆ ಇಷ್ಟ ಅಲ್ವಾ? ಆದರೆ ಅದೇ ಜನ ಹಣ ಕಳಿಸುವ ಬಟನ್ ಹುಡುಕುತ್ತಾ ಪರದೆಯನ್ನು ಮೇಲೆ ಕೆಳಗೆ ಸರಿಸುತ್ತಿರುತ್ತಾರೆ. ಹೇಳಿದ ಮಾತನ್ನೂ ಕಂಡ ನಡೆಯನ್ನೂ ಪಕ್ಕಪಕ್ಕ ಇಟ್ಟು ನೋಡುವುದೇ ನನ್ನ ಕೆಲಸದ ತಿರುಳು.

ಈ ದಾರಿಯನ್ನು ನನಗಿಂತ ಎಷ್ಟೋ ಮೊದಲೇ ತುಳಿದವರಿದ್ದರು. ಮಾನವಶಾಸ್ತ್ರ ಓದಿದ ಲೂಸಿ ಸಚ್‌ಮನ್ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ, ಜನ ಫೋಟೊಕಾಪಿ ಯಂತ್ರದ ಮುಂದೆ ಏನು ಮಾಡುತ್ತಾರೆ ಅಂತ ಚಿತ್ರೀಕರಿಸಿ ಅಧ್ಯಯನ ಮಾಡಿದರು. ಕಂಪ್ಯೂಟರ್ ವಿಜ್ಞಾನದಲ್ಲಿ ಪಳಗಿದವರೇ ಆ ಯಂತ್ರದ ಮುಂದೆ ಗೊಂದಲಕ್ಕೆ ಬಿದ್ದದ್ದು ಅದರಲ್ಲಿ ದಾಖಲಾಯಿತು. ಅವರ ಪುಸ್ತಕ 1987ರಲ್ಲಿ ಬಂತು. ಇನ್ನೊಬ್ಬ ಮಾನವಶಾಸ್ತ್ರಜ್ಞೆ ಜೆನೆವೀವ್ ಬೆಲ್ 1998ರಲ್ಲಿ ಕಂಪ್ಯೂಟರ್ ಚಿಪ್ ತಯಾರಿಸುವ ಇಂಟೆಲ್ ಕಂಪನಿ ಸೇರಿದರು. ಇವರ ಬಗ್ಗೆ ಓದಿದ ಮೇಲೆ ನನಗೆ ಧೈರ್ಯ ಬಂತು. ನಾನು ಬೇಲಿ ಹಾರಿ ಬೇರೆಯವರ ಹೊಲಕ್ಕೆ ನುಗ್ಗುತ್ತಿಲ್ಲ, ನಮ್ಮವರಿಗೂ ಇಲ್ಲಿ ಜಾಗ ಇದೆ ಅನ್ನಿಸಿತು.

ಧೈರ್ಯ ಬಂದರೆ ಸಾಲದು, ತೋರಿಸಲು ಏನಾದರೂ ಬೇಕು. ಯಾರೂ ಕೇಳದಿದ್ದರೂ ನಾನೇ ಒಂದು ಅಧ್ಯಯನ ಮಾಡಿದೆ. ಎಲ್ಲರೂ ಬಳಸುವ ಒಂದು ಟಿಕೆಟ್ ಬುಕಿಂಗ್ ಆ್ಯಪ್ ಆರಿಸಿಕೊಂಡೆ. ಪರಿಚಯದ ಕೆಲವರಿಗೆ ಒಂದೊಂದೇ ಕೆಲಸ ಕೊಟ್ಟು, ಮನಸ್ಸಿಗೆ ಬಂದದ್ದನ್ನು ಜೋರಾಗಿ ಹೇಳುತ್ತಾ ಮಾಡಿ ಅಂದೆ. ನಡುವೆ ಬಾಯಿ ಹಾಕಲಿಲ್ಲ. ಜೇಕಬ್ ನೀಲ್ಸನ್ ಮತ್ತು ಟಾಮ್ ಲ್ಯಾಂಡಾವರ್ 1993ರಲ್ಲಿ ಮಂಡಿಸಿದ ಒಂದು ಲೆಕ್ಕ ಈ ವೃತ್ತಿಯಲ್ಲಿ ಎಲ್ಲರಿಗೂ ಗೊತ್ತು. ಒಬ್ಬ ಬಳಕೆದಾರನಿಂದ ಸರಾಸರಿ ಶೇ. 31ರಷ್ಟು ತೊಡಕುಗಳು ಕಣ್ಣಿಗೆ ಬಿದ್ದರೆ, ಐದು ಜನರಿಂದ ಸುಮಾರು ಶೇ. 85ರಷ್ಟು ಸಿಗುತ್ತವೆ. ಇದು ತೊಡಕು ಹುಡುಕುವುದಕ್ಕೆ ಮಾತ್ರ ಹೊಂದುವ ಲೆಕ್ಕ. ಎಷ್ಟು ಜನರಿಗೆ ಆ ತೊಡಕು ಆಗುತ್ತದೆ ಅಂತ ಅಳೆಯಲು ಐದು ಜನ ಏನೇನೂ ಸಾಲುವುದಿಲ್ಲ. ಈ ವ್ಯತ್ಯಾಸವನ್ನು ವರದಿಯ ಮೊದಲ ಪುಟದಲ್ಲೇ ಬರೆದೆ. ಇಂಟರ್ವ್ಯೂನಲ್ಲಿ ಅವರು ಮೆಚ್ಚಿದ್ದು ಆ ಸಾಲನ್ನೇ. ನಮಗೆ ಗೊತ್ತಿರುವುದು ಎಲ್ಲಿಗೆ ಮುಗಿಯುತ್ತದೆ ಅಂತ ಹೇಳುವುದನ್ನು ನನಗೆ ಕಲಿಸಿದ್ದು ಇತಿಹಾಸ.

ಕಲಿಯಬೇಕಾದದ್ದೂ ಇತ್ತು. ಸ್ಪ್ರೆಡ್‌ಶೀಟ್, ಸ್ವಲ್ಪ ಸಂಖ್ಯಾಶಾಸ್ತ್ರ, ಪುಟಗಟ್ಟಲೆ ಬರೆಯುವ ಚಾಳಿ ಬಿಟ್ಟು ತೀರ್ಮಾನವನ್ನು ಮೊದಲೇ ಹೇಳುವುದು. ಇವು ಕೆಲಸ ಮಾಡುತ್ತಾ ಬಂದವು.

ನನ್ನ ಜೊತೆ ಓದಿದವರೂ ಒಂದೊಂದು ದಿಕ್ಕಿಗೆ ಹೋದರು. ಭಾಷಾಶಾಸ್ತ್ರದ ಗೆಳತಿ ಮಾತನ್ನು ಬರಹಕ್ಕೆ ಇಳಿಸುವ ತಂತ್ರಾಂಶದ ತಂಡದಲ್ಲಿದ್ದಾಳೆ. ಜನ ಮಾತಿನ ನಡುವೆ ಎಳೆಯುವ ‘ಅಂ...’ ಅನ್ನು ಬರೆಯಬೇಕೋ ಬೇಡವೋ ಅಂತ ನಿಯಮ ಮಾಡುವುದು ಅವಳ ಕೆಲಸದ ಭಾಗ. ರಸಾಯನಶಾಸ್ತ್ರ ಓದಿದ ಗೆಳೆಯ ಪೇಟೆಂಟ್ ಹುಡುಕಾಟದಲ್ಲಿದ್ದಾನೆ. ಅವನ ಕೆಲಸದ ಬಗ್ಗೆ ನನಗೆ ಬಹಳ ಕುತೂಹಲ. ಹೊಸದು ಅಂತ ಹೇಳಿಕೊಳ್ಳುವ ಸಂಯುಕ್ತ ಜಗತ್ತಿನಲ್ಲಿ ಎಲ್ಲಾದರೂ ಮೊದಲೇ ಪ್ರಕಟವಾಗಿದೆಯೇ ಅಂತ ಅವನು ನೋಡಬೇಕು. ಒಂದೇ ಒಂದು ಹಳೆಯ ಲೇಖನ ಸಿಕ್ಕರೂ ಅದು ಹೊಸದಲ್ಲ. ಮಾರ್ಕುಶ್ ರಚನೆ ಅಂತ ಒಂದಿದೆ. ಮೂಲ ಚೌಕಟ್ಟು ಬರೆದು, ಈ ಜಾಗದಲ್ಲಿ ಇದೋ ಅದೋ ಇನ್ನೊಂದೋ ಇರಬಹುದು ಅಂತ ಸೂಚಿಸಿದರೆ, ಒಂದೇ ಚಿತ್ರದಲ್ಲಿ ಸಾವಿರಾರು ಸಂಯುಕ್ತಗಳು ಅಡಗಿರುತ್ತವೆ. ಅದರೊಳಗೆ ತನಗೆ ಬೇಕಾದದ್ದು ಇದೆಯೇ ಅಂತ ಕಂಡುಹಿಡಿಯಲು ರಸಾಯನಶಾಸ್ತ್ರ ಅರೆದು ಕುಡಿದಿರಬೇಕು. ಲ್ಯಾಬ್ ಬಿಟ್ಟ ಅಂತ ಅವನ ಓದು ವ್ಯರ್ಥ ಆಗಿಲ್ಲ.

ಭೌತಶಾಸ್ತ್ರದ ಗೆಳತಿಯ ದಾರಿ ಮಾತ್ರ ಬೇರೆ. ಅವಳು ಕ್ಯಾನ್ಸರ್ ಆಸ್ಪತ್ರೆಯೊಂದರಲ್ಲಿ ವೈದ್ಯಕೀಯ ಭೌತಶಾಸ್ತ್ರಜ್ಞೆ. ವಿಕಿರಣ ಚಿಕಿತ್ಸೆಯ ಯಂತ್ರ ಹೇಳಿದಷ್ಟೇ ವಿಕಿರಣ ಕೊಡುತ್ತಿದೆಯೇ ಅಂತ ರೋಗಿಗಳು ಬರುವ ಮೊದಲೇ ಪರೀಕ್ಷೆ ಆಗಬೇಕು. ಆ ಹೊಣೆ ಅವಳದ್ದು. ಇಲ್ಲಿಗೆ ಬರಲು ಅವಳು ಎಂ.ಎಸ್ಸಿ. ಆದ ಮೇಲೆ ಮತ್ತೆ ಓದಿದಳು, ಆಸ್ಪತ್ರೆಯಲ್ಲಿ ತರಬೇತಿ ಪಡೆದಳು. ನನ್ನ ಹಾಗೆ ಮಾದರಿ ವರದಿ ಹಿಡಿದು ಹೋಗಿದ್ದರೆ ಒಳಗೆ ಬಿಡುತ್ತಿರಲಿಲ್ಲ, ಬಿಡಲೂಬಾರದು. ಹಾಗಾಗಿ ಯಾವ ಕೆಲಸದ ಬಾಗಿಲಿಗೆ ಸರ್ಟಿಫಿಕೇಟೇ ಕೀಲಿ, ಯಾವುದಕ್ಕೆ ಮಾಡಿ ತೋರಿಸಿದರೆ ಸಾಕು ಅನ್ನುವುದನ್ನು ಮೊದಲೇ ವಿಚಾರಿಸಿಕೊಳ್ಳಿ. ವೆಂಕಿ ರಾಮಕೃಷ್ಣನ್ 1976ರಲ್ಲಿ ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಪಡೆದ ಮೇಲೆ ಜೀವಶಾಸ್ತ್ರ ಕಲಿಯಲು ಮತ್ತೆ ವಿದ್ಯಾರ್ಥಿಯಾಗಿ ಸೇರಿದರು. ಜೀವಕೋಶದೊಳಗೆ ಪ್ರೊಟೀನ್ ತಯಾರಿಸುವ ರೈಬೋಸೋಮಿನ ಅಧ್ಯಯನಕ್ಕಾಗಿ 2009ರಲ್ಲಿ ಅವರಿಗೆ ಬಂದದ್ದು ರಸಾಯನಶಾಸ್ತ್ರದ ನೊಬೆಲ್. ದಾರಿ ಬದಲಿಸಲು ಕೆಲವೊಮ್ಮೆ ಇಷ್ಟು ಹಿಂದಕ್ಕೂ ಹೋಗಬೇಕಾಗುತ್ತದೆ.

ವಿಚಾರಿಸುವುದಕ್ಕೆ ಆ ಕೆಲಸದಲ್ಲಿರುವವರನ್ನೇ ಹಿಡಿಯಿರಿ. ‘ನನಗೆ ಕೆಲಸ ಇದೆಯಾ?’ ಅಂತ ಶುರು ಮಾಡಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ‘ನಿನ್ನೆ ಬೆಳಗ್ಗೆಯಿಂದ ಸಂಜೆವರೆಗೆ ಏನೇನು ಮಾಡಿದಿರಿ?’ ಅಂತ ನಾನು ಕೇಳುತ್ತಿದ್ದೆ. ಜನ ಖುಷಿಯಿಂದ ಹೇಳುತ್ತಾರೆ, ಬೇಸರದ ಭಾಗವನ್ನೂ ಮುಚ್ಚಿಡುವುದಿಲ್ಲ. ನಮ್ಮ ವೃತ್ತಿಯಲ್ಲಿ ಅದು ರೆಕಾರ್ಡಿಂಗ್ ಕೇಳಿ ಕೇಳಿ ಟಿಪ್ಪಣಿ ಮಾಡುವ ಕೆಲಸ. ಅದು ನನಗೆ ಮೊದಲೇ ಅಭ್ಯಾಸ ಇತ್ತು, ಇಷ್ಟವೂ ಆಗಿತ್ತು. ಅದು ಗೊತ್ತಾದ ಮೇಲೇ ನಾನು ಅರ್ಜಿ ಹಾಕಲು ಶುರು ಮಾಡಿದ್ದು.